ಕಲಬುಗರಿಗೆ ಸ್ವಾಗತ

ನಮ್ಮೂರಿನ ಒಂದು ಕಚೇರಿ ಈ ಭಾಗದ ಊರುಗಳ ಮಾಹಿತಿಗೆ ಅಂತ ವಿಕಿಪೀಡಿಯದಂಥ ಒಂದು ವಿಕಿ ಮಾಡಿದೆ. ಅದರ ಸರ್ಚ್ ಬಾಕ್ಸಿನಲ್ಲಿ 'ಕಲಬು' ಅಂತ ಹೊಡೆದು ನೋಡಿ. ಮೊದಲು ಬರುವುದು 'ಕಲಬುಗರಿ'. ಅದರ ಕೆಳಗೆ 'ಕಲಬುರುಗಿ', 'ಕಲಬುರ್ಗಿ', ಆಮೇಲೆ 'ಕಲಬುರಗಿ ಹೊಸದು'. ನಿಜವಾದ ಕಲಬುರಗಿ ತಳದಲ್ಲಿ, ಸೀಟು ಸಿಗದೆ ಬಾಗಿಲಲ್ಲಿ ನಿಂತ ಪ್ರಯಾಣಿಕನ ಹಾಗೆ. ಯಾವುದನ್ನು ಒತ್ತಿದರೂ ಹೋಗುವುದು ಒಂದೇ ಪುಟಕ್ಕೆ, ಅದು ಬೇರೆ ಮಾತು.

ಇವಕ್ಕೆ ರೀಡೈರೆಕ್ಟ್ ಪುಟ ಅಂತಾರೆ. ತಲೆಬರಹ ತಪ್ಪಾಗಿದೆ ಅಂತ ಪುಟವನ್ನು ಸರಿಯಾದ ಹೆಸರಿಗೆ ಸಾಗಿಸಿದರೆ, ಹಳೆ ಲಿಂಕ್ ಕೆಡಬಾರದು ಅಂತ ಹಳೆ ಹೆಸರು ಅಲ್ಲೇ ಉಳಿಯುತ್ತದೆ. ಒಳ್ಳೆಯ ವ್ಯವಸ್ಥೆಯೇ. ತಪ್ಪಾಗಿ ಹೊಡೆದವರನ್ನು ಅದು ಸರಿಯಾದ ಜಾಗಕ್ಕೆ ಮುಟ್ಟಿಸಲಿ, ಬೇಡ ಅಂದವರಾರು? ಆದರೆ ಸರಿಯಾಗಿ ಹೊಡೆಯುವವರ ಮುಂದೆ ತಪ್ಪುಗಳ ಮೆರವಣಿಗೆ ಯಾಕೆ? ಸರ್ಚ್ ಪಟ್ಟಿಯಲ್ಲಿ ಕಾಣದ ಹಾಗೆ ಮಾಡಿ, ಕೇಳಿದ್ದು ಇಷ್ಟೇ.

ಅದಕ್ಕೊಂದು ಮೀಟಿಂಗ್ ಆಯ್ತು.

"ಮುಚ್ಚಿಡೋದಂದ್ರ ಅಳಸೋದೇ ಅಲ್ಲೇನ್ರಿ ಸರ? ಇತಿಹಾಸ ಅದ ಇದು" ಅಂದರು ಒಬ್ಬರು. 'ಗುಲ್ಬರ್ಗಾ' ಬಗ್ಗೆ ಹೇಳಿದ್ದರೆ ಒಪ್ಪಬಹುದಿತ್ತು. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಯಿತು, ರೈಲ್ವೆ ಸ್ಟೇಷನ್ನಿನ ಕೋಡ್ ಕೂಡ ಜಿಆರ್ ಹೋಗಿ ಕೆಎಲ್‌ಬಿಜಿ ಆಯಿತು, ಆದರೆ ವಿಶ್ವವಿದ್ಯಾಲಯ ಇನ್ನೂ ಗುಲ್ಬರ್ಗಾ, ಕರೆಂಟ್ ಕಂಪನಿ ಜೆಸ್ಕಾಂನ ಇಂಗ್ಲಿಷ್ ಮೊದಲಕ್ಷರ 'ಜಿ' ಗುಲ್ಬರ್ಗಾದ್ದು, 2019ರಲ್ಲಿ ನಮ್ಮ ತೊಗರಿ ಬೇಳೆಗೆ ಸಿಕ್ಕ ಜಿಐ ಟ್ಯಾಗಿನಲ್ಲೂ ಗುಲ್ಬರ್ಗಾನೇ. ಆ ಹೆಸರು ಹಿಡಿದು ಹುಡುಕುವವರು ಇದ್ದೇ ಇದ್ದಾರೆ. ಇವರು ಹೇಳಿದ್ದು 'ಕಲಬುಗರಿ' ಬಗ್ಗೆ! 1347ರಲ್ಲಿ ಬಹಮನಿ ರಾಜ್ಯ ಕಟ್ಟಿದವರು ರಾಜಧಾನಿ ಮಾಡಿಕೊಂಡದ್ದು ಕಲಬುಗರಿಯನ್ನಾ? ಆ ಇತಿಹಾಸವನ್ನು ಟೈಪ್ ಮಾಡಿದವರು ಪಕ್ಕದ ಕುರ್ಚಿಯಲ್ಲೇ ಕೂತು ಮಿರ್ಚಿ ತಿನ್ನುತ್ತಿದ್ದರು.

ಕಡೆಗೆ ಕಂಪ್ಯೂಟರ್ ವಿಭಾಗದವರು ದಾರಿ ಹುಡುಕಿದರು. 'ನೋಇಂಡೆಕ್ಸ್' ಅಂತ ಒಂದು ಪದ ಹಾಕಿದರೆ ಪುಟ ಸರ್ಚಿನಲ್ಲಿ ಬರಲ್ಲ ಅಂತ ಎಲ್ಲೋ ಓದಿದ್ದರಂತೆ. ಅದು ಗೂಗಲ್‌ನಂಥ ಹೊರಗಿನವರಿಗೆ ಹೇಳುವ ಮಾತು. ವಿಕಿಯ ಒಳಗಿನ ಸರ್ಚ್ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದೂ ಹಾಕಿದ್ದೆಲ್ಲಿ? 'ಕಲಬುಗರಿ' ತೆರೆಯಲು ಹೋದರೆ ಅದು ಸುಮ್ನೆ ಕರೆದುಕೊಂಡು ಬಂದು 'ಕಲಬುರಗಿ'ಯಲ್ಲಿ ಬಿಡುತ್ತದೆ ಅಲ್ವಾ, ಇವರು ತಲೆಬರಹ ಕೂಡ ನೋಡದೆ ಅಲ್ಲೇ ಹಾಕಿ ಸೇವ್ ಕೊಟ್ಟರು.

ಈಗ ಆ ವಿಕಿಯ ಕಲಬುರಗಿ ಪುಟ ಗೂಗಲ್‌ನಲ್ಲಿ ಸಿಗಲ್ಲ. ಒಳಗೆ ಕಲಬುಗರಿ ಮಾತ್ರ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಕೆಲಸ ಮುಗಿದಿದೆ ಅಂತ ಫೈಲಿಗೆ ಸಹಿ ಬಿದ್ದಿದೆ, ಮುಂದಿನ ವಾರ ಬೀದರ್ ಸರದಿಯಂತೆ.