ರಾಮಕೋಟಿಯೂ ರೀಪ್ಲೇ ಬಟನ್ನೂ

ಕೊರಿಯಾದಲ್ಲಿ ಸಂಜೆ ಆರಾದಾಗ ನಮಗೆ ಮಧ್ಯಾಹ್ನ ಎರಡೂವರೆ. ಸಾರನ್ನ ಉಂಡು ಕಣ್ಣು ಎಳೆಯುವ ಹೊತ್ತು. ಕೆ-ಪಾಪ್ ಹಾಡುಗಳು ಹೆಚ್ಚಾಗಿ ಬಿಡುಗಡೆಯಾಗುವುದು ಆಗಲೇ. ಮೊದಲು ನಡುರಾತ್ರಿ ಬಿಡುತ್ತಿದ್ದರು. ಊರೆಲ್ಲ ಮಲಗಿರುವಾಗ ಅಭಿಮಾನಿಗಳು ಮಾತ್ರ ಎದ್ದು ಕೂತು ಹಾಡನ್ನು ಚಾರ್ಟಿನ, ಅಂದರೆ ಜನಪ್ರಿಯ ಹಾಡುಗಳ ಪಟ್ಟಿಯ, ತುದಿಗೆ ತಳ್ಳುತ್ತಾರೆಂದು 2017ರಲ್ಲಿ ಅಲ್ಲಿನ ಚಾರ್ಟುಗಳು ನಿಯಮ ಬದಲಿಸಿದವು. ಅಲ್ಲಿಯವರ ನಿದ್ದೆ ಉಳಿಯಿತು, ನಮ್ಮ ಮನೆಗಳ ಮಧ್ಯಾಹ್ನ ಹೋಯಿತು.

ಹಾಡು ಬಂತು, ಇನ್ನು ಕೇಳಬೇಕು ತಾನೇ? ಅಷ್ಟು ಸುಲಭವಿಲ್ಲ. ಮೊದಲು ‘ಸ್ಟ್ರೀಮಿಂಗ್ ಗೈಡ್’ ಓದಬೇಕು. ಕೇಳಿದ್ದು ಎಣಿಕೆಗೆ ಸೇರಲು ಹೇಗೆ ಕೇಳಬೇಕೆಂದು ಅಭಿಮಾನಿಗಳೇ ಬರೆದು ಹಂಚುವ ಕೈಪಿಡಿ ಅದು. ವಾಲ್ಯೂಮ್ ಅರ್ಧಕ್ಕಿಂತ ಮೇಲಿರಲಿ. ಮ್ಯೂಟ್ ಮಾಡಬೇಡಿ. ಲೂಪ್ ಹಾಕಬೇಡಿ, ಪ್ರತಿ ಸಲ ಹೆಸರು ಟೈಪ್ ಮಾಡಿಯೇ ಹುಡುಕಿ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡ್ ದಾಟಿದರೆ ಲೆಕ್ಕಕ್ಕೆ ಬರುತ್ತದೆ, ಆದರೂ ಪೂರ್ತಿ ಓಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಸಲದ ನಡುವೆ ಎರಡು-ಮೂರು ಬೇರೆ ಹಾಡು ಇರಲಿ, ಇಲ್ಲದಿದ್ದರೆ ಯಂತ್ರ ಅಂದುಕೊಂಡು ಎಣಿಕೆಯಿಂದ ಕಿತ್ತುಹಾಕುತ್ತಾರೆ. ಈ ನಡುವಿನ ಹಾಡಿಗೆ ‘ಫಿಲ್ಲರ್’ ಅಂತ ಹೆಸರು. ಅದರಲ್ಲೂ ಮಡಿ-ಮೈಲಿಗೆಯಿದೆ. ಅದೇ ತಂಡದ ಹಳೇ ಹಾಡಾದರೆ ಶ್ರೇಷ್ಠ. ಎದುರಾಳಿ ತಂಡದ್ದು ಅಪ್ಪಿತಪ್ಪಿ ಬಂದರೆ ಸ್ನಾನ ಮಾಡಿಯೇ ಮುಂದುವರಿಯಬೇಕು.

ನಮ್ಮ ಅಜ್ಜಿಯರೂ ರಾಮಕೋಟಿ ಬರೆದವರೇ. ಆದರೆ ‘ನಡುನಡುವೆ ಕೃಷ್ಣನ ಹೆಸರನ್ನೂ ಬರೆ, ಇಲ್ಲದಿದ್ದರೆ ರಾಮ ನಿನ್ನನ್ನು ಯಂತ್ರ ಅಂದುಕೊಳ್ಳುತ್ತಾನೆ’ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬರೆಯುವಾಗ ಬೆರಳಾದರೂ ನೋಯುತ್ತಿತ್ತು. ಇಲ್ಲಿ? ಮನೆಯವರ ಹಳೇ ಫೋನುಗಳನ್ನೆಲ್ಲ ಚಾರ್ಜಿಗೆ ಹಾಕಿ, ಒಂದನ್ನು ಬೀರುವಿನೊಳಗೆ ಸೀರೆಗಳ ಮಡಿಕೆಯಲ್ಲಿ ತೂರಿಸಿ, ವೈರು ಹೊರಗಿಟ್ಟು ಬಾಗಿಲು ಒತ್ತಿಬಿಟ್ಟರೆ ಸಂಜೆಯವರೆಗೂ ಕೇಳುಗರು ರೇಷ್ಮೆ ಸೀರೆ ಮತ್ತು ನುಸಿಗುಳಿಗೆ.

2021ರಲ್ಲಿ ಕೆ-ಪಾಪ್ ತಂಡ ಬಿಟಿಎಸ್‌ನ ‘ಬಟರ್’ ಹಾಡಿನ ವಿಡಿಯೊ ಯೂಟ್ಯೂಬಿನಲ್ಲಿ ಮೊದಲ 24 ಗಂಟೆಯಲ್ಲೇ 10.8 ಕೋಟಿ ವೀಕ್ಷಣೆ ಕಂಡಿತು. ಸೆಕೆಂಡಿಗೆ ಸುಮಾರು ಸಾವಿರದ ಇನ್ನೂರೈವತ್ತು. ಅದರಲ್ಲಿ ಕಿವಿಗಳೆಷ್ಟು, ಬೀರುಗಳೆಷ್ಟು?

ಸಿ.ಡಿ. ಕಥೆ ಬೇರೆ. ಸೆವೆಂಟೀನ್ ತಂಡದ ಒಂದು ಆಲ್ಬಮ್ 2023ರಲ್ಲಿ ಮೊದಲ ವಾರವೇ 45 ಲಕ್ಷ ಪ್ರತಿ ಮಾರಾಟ ದಾಟಿ ದಾಖಲೆ ಬರೆಯಿತು. (ಹೆಸರು ಹದಿನೇಳು, ಇರುವವರು ಹದಿಮೂರು. ಅದರ ಲೆಕ್ಕ ಅವರಿಗೇ ಪ್ರೀತಿ.) ಡಬ್ಬಿಯೊಳಗೆ ಯಾರ ಫೋಟೊ ಕಾರ್ಡ್ ಇದೆಯೆಂದು ಬಿಚ್ಚುವವರೆಗೆ ತಿಳಿಯುವುದಿಲ್ಲ, ಬೇಕಾದ ಮುಖ ಸಿಗುವವರೆಗೆ ಬಿಚ್ಚುತ್ತಿರಬೇಕು. ಸಿ.ಡಿ. ಹಾಕಲು ಮನೆಯಲ್ಲಿ ಪ್ಲೇಯರೇ ಇರುವುದಿಲ್ಲ. ಬಬಲ್‌ಗಮ್ ಜೊತೆ ಕ್ರಿಕೆಟ್ ಕಾರ್ಡು ಬರುತ್ತಿದ್ದ ಕಾಲದವರಿಗೆ ಈ ವ್ಯಾಪಾರ ಚೆನ್ನಾಗಿ ಅರ್ಥವಾದೀತು. ಆಗ ಗಮ್ಮನ್ನಾದರೂ ಜಗಿಯುತ್ತಿದ್ದೆವು.

2012ರಲ್ಲಿ ಬಂದ ಕೊರಿಯಾದ ಗಾಯಕ ಸೈ ಅವರ ‘ಗಂಗ್ನಂ ಸ್ಟೈಲ್’ ಹಾಡಿಗೆ ಗೈಡ್ ಯಾರು ಬರೆದಿದ್ದರು? ಭಾಷೆ ತಿಳಿಯದ ಜನ, ಕುದುರೆ ಸವಾರಿಯ ಆ ಕುಣಿತ ನೋಡಿ ನಕ್ಕು, ಪಕ್ಕದವರಿಗೆ ತೋರಿಸಿ, ಅವರೊಂದಿಗೆ ಮತ್ತೊಮ್ಮೆ ನೋಡಿದರು. ಐದು ತಿಂಗಳಲ್ಲಿ ನೂರು ಕೋಟಿ ಮುಟ್ಟಿತು. ಯೂಟ್ಯೂಬಿನಲ್ಲಿ ಅಷ್ಟು ಮುಟ್ಟಿದ ಮೊದಲ ವಿಡಿಯೊ. 2014ರ ಹೊತ್ತಿಗೆ ಎಣಿಕೆ 214 ಕೋಟಿ 74 ಲಕ್ಷ 83 ಸಾವಿರದ 647ರ ಗಡಿಗೆ ಬಂದು, ಅದಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದ 32 ಬಿಟ್‌ನ ಲೆಕ್ಕದ ಪುಸ್ತಕದಲ್ಲಿ ಹಾಳೆಯೇ ಮುಗಿದು, ಯೂಟ್ಯೂಬ್ ಇನ್ನೂ ದೊಡ್ಡದಾದ 64 ಬಿಟ್‌ಗೆ ಬದಲಾಯಿಸಿಕೊಳ್ಳಬೇಕಾಯಿತು. ಆ ಜನರಲ್ಲಿ ಹೆಚ್ಚಿನವರು ನೋಡುವಾಗ ಪರದೆಯ ಮುಂದೆಯೇ ಇದ್ದರು.

ಇರಲಿ. ಬೀರುವಿನೊಳಗೆ ಹಾಡು ಮುಗಿದ ಸದ್ದು. ಇನ್ನು ಎರಡು ಫಿಲ್ಲರ್.