‘ಐದಕ್ಕೆ ಐದು ಬಂತಂದ್ರ ಹಿಪ್ ಗಟ್ಟಿ’: ಆ ಮೆಸೇಜಿಗೆ ಒಂದು ಸ್ಪಷ್ಟನೆ

ರಾಯಚೂರಿನ ವಾಟ್ಸಾಪ್ ಗ್ರೂಪ್‌ನ್ಯಾಗ ಒಂದು ಮೆಸೇಜ್ ಓಡಾಡಾಕತ್ತದ, ಫಿಸಿಯೋ ಕೈಲೆ ಒತ್ತಿ ನೋಡಿ 5ಕ್ಕೆ 5 ಅಂದ್ರ ಹಿಪ್ ಮಸಲ್ ಪೂರ್ತಿ ಗಟ್ಟಿ, ಮಷೀನ್ ಟೆಸ್ಟ್ ಎಲ್ಲಾ ರೊಕ್ಕ ಕೀಳೋ ದಂಧೆ ಅಂತ. ಅರ್ಧ ಖರೆ ಅಷ್ಟ.

0ದಿಂದ 5ರ ಗ್ರೇಡು ಭಾಳ ವೀಕ್ ಇದ್ದೋರಿಗೆ ಚಲೋನ ಅದ, 3 ಅಂದ್ರ ಕಾಲಿನ ಭಾರ ತಾನ ಎತ್ತತಾರ ಅಂತ. ಅದರ ಮ್ಯಾಲ ಹೋದಂಗ ಒತ್ತೋರ ತಾಕತ್ತಿನ ಮ್ಯಾಲ ನಿಂತದ, ಮಾನ್ವಿ ಕಡೆ ದಿನಾ ಭತ್ತದ ನಾಟಿ ಮಾಡೋ ಹೆಣ್ಮಗಳಿಗೂ 5, ಕುರ್ಚಿ ಬಿಟ್ಟು ಏಳದ ಕ್ಲರ್ಕಿಗೂ 5 ಬರಬಹುದು. ಎಡ ಬಲದ ಸಣ್ಣ ಫರಕ್ ಅಂತೂ ಸಿಗೂದಿಲ್ಲ.

ಅದಕ್ಕ ಹ್ಯಾಂಡ್‌ಹೆಲ್ಡ್ ಡೈನಮೋಮೀಟರ್, ಕಾಲು ಎಷ್ಟು ಜೋರಲೆ ಒತ್ತತದ ಅಂತ ನ್ಯೂಟನ್ ಲೆಕ್ಕದಾಗ ತೋರಸೋ, ಅಂಗೈಯಾಗ ಹಿಡಿಯೋ ಸಣ್ಣ ಯಂತ್ರ. ಹಂಗಂತ ಮಷೀನ್ ಹೇಳಿದ್ದೆಲ್ಲಾ ವೇದ ಅಲ್ರಿ. ಮೊಣಕಾಲ ಹತ್ರ, ಹಿಪ್ ಕೀಲಿನಿಂದ 0.4 ಮೀಟರ್‌ಗೆ ಇಟ್ಟಾಗ 120 ನ್ಯೂಟನ್ ಬಂದ್ರ, ಅದೇ ಕಾಲಿಗೆ 0.8 ಮೀಟರ್ ದೂರ ಪಾದದ ಗಂಟಿನ ಹತ್ರ ಇಟ್ಟಾಗ ಹೆಚ್ಚುಕಡಿಮೆ 60 ಬರ್ತದ, ಒತ್ತಿದ ಜೋರನ್ನ ದೂರದಿಂದ ಗುಣಿಸಿದ್ರ ಎರಡೂ 48 ನ್ಯೂಟನ್-ಮೀಟರೇ, ಶಕ್ತಿ ಎಲ್ಲೂ ಹೋಗಿಲ್ಲ. ಮತ್ತ ಹಿಡಿದೋರ ಕೈ ಸೋತ್ರ ರೀಡಿಂಗೂ ಸೋಲ್ತದ, ಅದಕ್ಕ ಯಂತ್ರಾನ ಬೆಲ್ಟಿಲೆ ಮಂಚಕ್ಕ ಬಿಗಿದು, ಒಂದೇ ಭಂಗಿ, ಒಂದೇ ಜಾಗ, ನಡುವ ರೆಸ್ಟ್ ಕೊಟ್ಟು ಎರಡ್ಮೂರು ಸಲ ನೋಡಬೇಕು. ನೋವಿದ್ರ ಅದನ್ನೂ ಬರೀಬೇಕು, ಯಾಕಂದ್ರ ನೋವಿಗೂ ನಂಬರ್ ಇಳೀತದ. ಮುಂದಿನ ತಿಂಗಳು ಹೋದಾಗ ಯಂತ್ರ ಎಲ್ಲಿಟ್ಟಿದ್ರು ಅನ್ನೋದು ನಿಮ್ಮ ರಿಪೋರ್ಟಿನ್ಯಾಗ ಇಲ್ಲಂದ್ರ ಹಳೇ ನಂಬರ್ ಜೋಡಿ ಹೋಲಿಸಾಕ ಬರೂದಿಲ್ಲ.