ಸತ್ಯಾಂಶ: ಕಾವೇರಿಯ ಮಹಶೀರ್ ಎಲ್ಲವೂ ಒಂದೇ ಜಾತಿಯೇ?

‘ಕಾವೇರಿಯ ಮಹಶೀರ್ ಮೀನುಗಳೆಲ್ಲ ಒಂದೇ, ಬಣ್ಣ ಮಾತ್ರ ಬೇರೆ. ಹೊಳೆಗೆ ಮರಿ ಬಿಟ್ಟರೆ ಸಾಕು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಬೆನ್ನು ಗೂನಿನಂತೆ ಉಬ್ಬಿದ, ಕಿತ್ತಳೆ ರೆಕ್ಕೆಯ, 50 ಕಿಲೋ ದಾಟಿ ಬೆಳೆಯಬಲ್ಲ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇದೆ. ಇಷ್ಟು ಹೆಸರುವಾಸಿ ಮೀನಿಗೆ ಬಹುಕಾಲ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ, ವಿಚಿತ್ರ ಅಲ್ವಾ? 2018ರಲ್ಲಿ ಸಂಶೋಧಕರು ಅದರ ಡಿಎನ್‌ಎಯನ್ನೂ ದೇಹರಚನೆಯನ್ನೂ ಹೋಲಿಸಿ ನೋಡಿದರು. 2007ರಲ್ಲಿ ಪಾಂಬಾರ್ ಎಂಬ ಉಪನದಿಯ ಮೀನುಗಳನ್ನು ನೋಡಿ ಹೆಸರಿಸಿದ್ದ ‘ಟಾರ್ ರೆಮಾದೇವಿ’ಯೇ ಇದು ಎಂದು ಗೊತ್ತಾಯಿತು. 2018ರಲ್ಲೇ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ನೀಲಿ ರೆಕ್ಕೆಯ ಮಹಶೀರ್ ‘ಟಾರ್ ಖುದ್ರೀ’ ಬೇರೆಯೇ ಜಾತಿ. 1970ರ ದಶಕದಿಂದ ಹ್ಯಾಚರಿಯಲ್ಲಿ (ಮೀನುಮರಿ ಕೇಂದ್ರ) ಬೆಳೆಸಿ ಕಾವೇರಿಗೆ ಬಿಟ್ಟದ್ದು ಇದರ ಮರಿಗಳನ್ನೇ. ಇವು ಜಾಸ್ತಿಯಾದ ಮಾತ್ರಕ್ಕೆ ಗೂನುಬೆನ್ನಿನ ಮಹಶೀರ್ ಉಳಿದಂತಲ್ಲ, ಬದಲಿಗೆ ಅದರ ಜಾಗ ಕಡಿಮೆಯಾಗಬಹುದು.

ಹಾಗಂತ ‘ಡಿಎನ್‌ಎ ಒಂದರಿಂದಲೇ ಎಲ್ಲ ಗೊತ್ತಾಗುತ್ತದೆ’ ಎನ್ನುವುದೂ ಸರಿಯಲ್ಲ. ಜಾತಿ ಗುರುತಿಸಲು ಸಾಮಾನ್ಯವಾಗಿ ಓದುವ ಸುಮಾರು 650 ಅಕ್ಷರಗಳ ಡಿಎನ್‌ಎ ತುಣುಕು ಮೈಟೊಕಾಂಡ್ರಿಯಾದ್ದು (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ), ತಾಯಿಯಿಂದ ಮಾತ್ರ ಬರುವಂಥದ್ದು. ಎರಡು ಜಾತಿ ಬೆರೆತು ಹುಟ್ಟಿದ ಮೀನಿನಲ್ಲಿ ಅದು ತಾಯಿಯ ಜಾತಿಯನ್ನಷ್ಟೇ ತೋರಿಸುತ್ತದೆ. ಬೆರಕೆ ಪತ್ತೆಗೆ ಜೀವಕೋಶದ ನ್ಯೂಕ್ಲಿಯಸ್‌ನ ಡಿಎನ್‌ಎಯನ್ನೂ ನೋಡಬೇಕು. ಜೊತೆಗೆ ಹುರುಪೆ ಎಣಿಸುವ, ಬಾಯಿ, ರೆಕ್ಕೆ ಅಳೆಯುವ ಹಳೇ ಕೆಲಸವೂ ಬೇಕೇ ಬೇಕು.